ಹರಳಾಗುವ ಮುನ್ನ

ಶವಪೆಟ್ಟಿಗೆಯನ್ನು ನಾಲ್ವರು ಸೊಂಟದೆತ್ತರಕ್ಕೆ ಎತ್ತಿಯಾಗಿತ್ತು. ಅಷ್ಟರಲ್ಲಿ ಹಿಂಬದಿಗೆ ಹೆಗಲು ಕೊಡಬೇಕಿದ್ದ ಇಕ್ಕಳ, "ಒಂದ್ನಿಮಿಷ, ಕೆಳಗಿಡಿ" ಎಂದ. ಸತ್ತವಳ ಜೊತೆ ಪ್ರಯೋಗಾಲಯದಲ್ಲಿ ದುಡಿದವನು ಅವನು. ಸದಾ ಕೈಯಲ್ಲಿ ಇಕ್ಕಳ ಹಿಡಿದಿರುತ್ತಾನೆಂದು ಅವಳೇ ಇಟ್ಟ ಹೆಸರು ಅದು.

ಪೆಟ್ಟಿಗೆ ಮತ್ತೆ ಮೇಜಿನ ಮೇಲೆ ಕೂತಿತು. ಅವಳ ಗಂಡ, ಬಸ್ಸು ಓಡಿಸಿ ಓಡಿಸಿ ಬೆನ್ನು ಬಾಗಿದವನು, ಬೆವರೊರೆಸಿಕೊಂಡ. ಮೊನ್ನೆ ಅವಳ ಹೃದಯ ನಿಂತಾಗಿನಿಂದ ಅವನಿಗೆ ನಿದ್ದೆ ಹತ್ತಿರಲಿಲ್ಲ.

"ಅಣ್ಣಾ, ಲ್ಯಾಬಲ್ಲಿ ಮೇಡಂ ಫರ್ನೇಸ್ ಇನ್ನೂ ಆನ್ ಇದೆ."

"ಯಾಕೆ?"

"ಅವರು ಹಚ್ಚಿ ಹೋಗಿದ್ದು ನೋಡಿ, ಆರಿಸೋಕೆ ಯಾರಿಗೂ ಮನಸ್ಸು ಬರ್ಲಿಲ್ಲ. ಮರ್ಯಾದೆಗೆ ಅಂತ ಹಾಗೇ ಬಿಟ್ವಿ. ಒಳಗಿರೋ ಲೋಹದ ತುಂಡನ್ನ ಇವತ್ತು ಮಧ್ಯಾಹ್ನದೊಳಗೆ ತೆಗೀಬೇಕಿತ್ತು ಅನ್ನೋದು ಈಗ ಹೊಳೀತು. ತಡವಾದ್ರೆ ಹರಳುಗಟ್ಟುತ್ತೆ. ಆಮೇಲೆ ಯಾವ ಕೆಲಸಕ್ಕೂ ಬರಲ್ಲ."

"ಅಲ್ಲಿರೋರಿಗೆ ಫೋನ್ ಮಾಡು."

"ಎಲ್ಲರೂ ಇಲ್ಲೇ ಇದೀವಲ್ಲ ಅಣ್ಣಾ."

ನಾದಿನಿ ಸಿಡಿದಳು. "ಭಾವ, ಸತ್ತ ಮೇಲೂ ಅಕ್ಕನಿಗೆ ಡ್ಯೂಟಿನಾ? ನೋಡಿದೋರು ಏನಂತಾರೆ?"

* * *

ಮದುವೆಯ ಹೊಸತರಲ್ಲಿ ಅವನು ಕೇಳಿದ್ದ, ಆ ಫರ್ನೇಸ್ ಡಬ್ಬಿಯಲ್ಲಿ ಅಂಥದ್ದೇನಿದೆ ಎಂದು.

"ಲೋಹಾನೇ. ಆದ್ರೆ ಗಾಜಿನ ಥರ, ಒಳಗೆ ಪರಮಾಣುಗಳಿಗೆ ಹರಳಿನ ಹಾಗೆ ಸಾಲಿಲ್ಲ, ಶಿಸ್ತಿಲ್ಲ. ಬಿಸಿ ಮಾಡಿದ್ರೆ ಮೆಲ್ಲಗೆ ಜರುಗ್ತವೆ. ಒಂದು ಜರುಗಬೇಕಂದ್ರೆ ಅಕ್ಕಪಕ್ಕದವೂ ಒಟ್ಟಿಗೆ ಜಾಗ ಬಿಡ್ಬೇಕು. ನಿನ್ನ ಬಸ್ಸಲ್ಲಿ ನಿಂತವರ ಹಾಗೆ."

"ಎಷ್ಟು ದೂರ ಹೋಗ್ತವೆ?"

"ಕೂದಲಿನ ದಪ್ಪ ಇದೆಯಲ್ಲ, ಅದರಲ್ಲಿ ಸಾವಿರಕ್ಕೊಂದು ಪಾಲು. ಅಷ್ಟಕ್ಕೇ ವಾರ ಹಿಡಿಯುತ್ತೆ."

"ಹಾಗಾದ್ರೆ ನಮ್ಮ ಬಸ್ಸೇ ವಾಸಿ!"

ಅವಳು ಹೊಟ್ಟೆ ಹಿಡಿದುಕೊಂಡು ನಕ್ಕಿದ್ದಳು. ಬರುಬರುತ್ತಾ ಆ ನಗು ಕಡಿಮೆಯಾಯಿತು. ಎಲ್ಲಿಗಾದರೂ ಹೊರಟರೆ ಸಾಕು, ಫರ್ನೇಸ್ ಅಡ್ಡ ಬರುತ್ತಿತ್ತು. ರಾತ್ರಿ ಅವಳಿಗಾಗಿ ಕಾದು ಕೂತು, ಬಂದ ಮೇಲೆ ಊಟ ಬಿಸಿ ಮಾಡಿ ಕೊಡುವುದು ಅವನ ಪಾಲಿಗೆ ಬಂತು. ಒಂದು ಯಂತ್ರದ ಮೇಲೆ ಅವನಿಗೆ ಹೊಟ್ಟೆಕಿಚ್ಚು, ಅದೂ ನಾಚಿಕೆಗೆಟ್ಟ ಹೊಟ್ಟೆಕಿಚ್ಚು.

* * *

ಈಗ ಸೇಡು ತೀರಿಸಿಕೊಳ್ಳುವ ಅವಕಾಶ ತಾನಾಗಿ ಮನೆಗೆ ಬಂದಿತ್ತು. "ಎತ್ತಿ" ಎಂದರೆ ಮುಗಿಯಿತು. ಅವಳ ಕೊನೆಯ ಕೆಲಸ ಅಲ್ಲೇ ಹಾಳಾಗುತ್ತದೆ. ಇವತ್ತೊಂದು ದಿನವಾದರೂ ಅವಳು ಪೂರ್ತಿ ಅವನವಳಾಗಿರುತ್ತಾಳೆ. ಅವನಿಗೆ ಅದು ನಿಜವಾಗಿಯೂ ಬೇಕೆನಿಸಿತು. ಪೆಟ್ಟಿಗೆಯ ಹಿಡಿಕೆಗೆ ಕೈ ಹಾಕಿಯೂಬಿಟ್ಟ.

ಆಮೇಲೆ ಕೈ ತೆಗೆದ.

"ಹೋಗಿ ತಗೊಂಡು ಬಾ. ನೀನು ಬರೋತನಕ ಎತ್ತಲ್ಲ."

"ಭಾವ! ಅಲ್ಲಿ ಗುಂಡಿ ತೋಡಿದೋರು ಕಾಯ್ತಿದಾರೆ!"

"ಕಾಯ್ಲಿ ಬಿಡಮ್ಮ. ಅಭ್ಯಾಸ ಆಗುತ್ತೆ."

ಇಕ್ಕಳ ಓಡಿದ. ಬಂದವರು ಗೊಣಗುತ್ತಾ ಕುರ್ಚಿ ಎಳೆದುಕೊಂಡರು. ಯಾರೋ ಗಡಿಯಾರ ನೋಡಿದರು, ಯಾರೋ ಆಕಳಿಸಿದರು. ಪೆಟ್ಟಿಗೆಯ ಪಕ್ಕ ಕೂತ ಗಂಡ ಗೋಡೆಗೆ ತಲೆಯಾನಿಸಿದವನು ಹಾಗೇ ತೂಕಡಿಸಿದ. ದುಃಖಕ್ಕಿಂತ ಸುಸ್ತೇ ಹೆಚ್ಚಾಗಿತ್ತು.

ಬಹಳ ಹೊತ್ತಿನ ಮೇಲೆ ಬಾಗಿಲು ಕಿರುಗುಟ್ಟಿತು. ಕಾದ ಲೋಹದ ವಾಸನೆ ಕೋಣೆಗೆ ಬಂತು, ಅವಳು ದಿನಾ ಬಟ್ಟೆಯಲ್ಲಿ ಹೊತ್ತು ತರುತ್ತಿದ್ದ ಅದೇ ವಾಸನೆ. ಗಂಡ ಅರೆಗಣ್ಣಲ್ಲೇ ಎದ್ದ.

"ಬಂದ್ಯಾ? ಸರಿಯಾಗಿ ಸಿಕ್ತಾ?"

"ಸಿಕ್ತು," ಎಂದ ಇಕ್ಕಳ ಮೆಲ್ಲಗೆ.

"ಸದ್ಯ. ಕೈ ತೊಳ್ಕೊ, ಊಟ ಬಿಸಿ ಮಾಡ್ತೀನಿ."

ಅವನು ಕುರ್ಚಿಗಳ ನಡುವೆ ನುಸುಳಿಕೊಂಡು ಅಡುಗೆಮನೆಗೆ ಹೋದ. ಯಾರೂ ತಡೆಯಲಿಲ್ಲ. ಒಳಗೆ ಬೆಂಕಿಕಡ್ಡಿ ಗೀರಿದ ಸದ್ದಾಯಿತು.