ಹಗ್ಗ ಬಿಟ್ಟು ಬಂದ ಲ್ಯಾಪ್‌ಟಾಪು

ಭತ್ತ ಕೊಯ್ದ ಗದ್ದೆಯ ಮೇಲ್ಮಣ್ಣು ಒಣಗಿ, ಅಡಿಯಲ್ಲಿ ಮಾತ್ರ ಇನ್ನೂ ತೇವ ಉಳಿದಿದ್ದ ದಿನಗಳು. ಆ ತೇವ ಆರುವುದರೊಳಗೆ ಶೇಂಗಾ ಬೀಜ ಮಣ್ಣಿಗೆ ಸೇರಿಸಬೇಕೆಂದು ಬೆಳಂಬಾರದವರೆಲ್ಲ ಚಳಿ ಬಿಡುವ ಮೊದಲೇ ಗದ್ದೆಗೆ ಇಳಿಯುತ್ತಿದ್ದರು. ಉಳಿದವರದು ಟಿಲ್ಲರು. ಮಂಗೇಶ ನಾಯಕನದು ಮಾತ್ರ ಎತ್ತು: ಹುಲಿಯಾ ಮತ್ತು ಕೆಂಚ. ಅವನು ನೇಗಿಲು ಹಿಡಿದು ಮುಂದೆ ಹೋದರೆ, ಹೆಂಡತಿ ಸುಗಂಧಾ ಮಡಿಲಲ್ಲಿ ಬೀಜ ಕಟ್ಟಿಕೊಂಡು ಸಾಲಿಗೆ ಒಂದೊಂದೇ ಕಾಳು ಬಿಡುತ್ತ ಹಿಂದೆ ಬರುತ್ತಿದ್ದಳು. ಅವಳ ಹಿಂದೆ ತುಸು ದೂರದಲ್ಲಿ ಒಂದು ನವಿಲು, ಕಾಳು ಎಲ್ಲೆಲ್ಲಿ ಬಿತ್ತೆಂದು ನೋಡಿಕೊಳ್ಳುತ್ತ ನಡೆಯುತ್ತಿತ್ತು.

ಬಿಸಿಲು ತೆಂಗಿನ ಮರದ ತಲೆ ದಾಟಿತು. ಹುಲಿಯಾ ಮಲಗಿದ.

ಇದು ದಿನದ ಪಾಠವೇ. ಮಂಗೇಶ ನೊಗ ಕಳಚಿ, ಬದುವಿನ ಮೇಲೆ ಕೂತು ಎಲೆಗೆ ಸುಣ್ಣ ಹಚ್ಚತೊಡಗಿದ. ಹುಲಿಯಾನನ್ನು ಮೂರು ವರ್ಷದ ಹಿಂದೆ ಘಟ್ಟದ ಮೇಲಿನವನೊಬ್ಬನಿಂದ ತಂದದ್ದು. ಕೊಟ್ಟವನು ಬೆಳಗಿನ ತಂಪಿನಲ್ಲಷ್ಟೇ ಹೂಡಿ ತೋರಿಸಿದ್ದ. ಬಿಸಿಲೇರಿದರೆ ಈ ಪ್ರಾಣಿ ಸಾಲಿನ ನಡುವೆ ಕಾಲು ಮಡಚುತ್ತದೆ ಎಂಬ ಮಾತು ಅವನ ಬಾಯಿಂದ ಬಂದಿರಲಿಲ್ಲ. ಮೊದಲು ಮಂಗೇಶ ಬಾಲ ತಿರುಚಿ ನೋಡಿದ್ದ, ಬೈದು ನೋಡಿದ್ದ. ಆಮೇಲೆ ಗೊತ್ತಾಯಿತು, ಒಂದು ಎಲೆ ಜಗಿದು ಮುಗಿಯುವ ಹೊತ್ತು ಬಿಟ್ಟರೆ ಅದು ತಾನಾಗಿ ಏಳುತ್ತದೆ, ಮಧ್ಯಾಹ್ನದವರೆಗೆ ಮತ್ತೆ ತಕರಾರಿಲ್ಲ.

ಆ ಹೊತ್ತಿಗೇ ಮಗಳು ನಾಗಶ್ರೀ ಬದುವಿನ ಮೇಲೆ ಚಪ್ಪಲಿ ಕೈಯಲ್ಲಿ ಹಿಡಿದು ಓಡಿಬಂದಳು.

"ಅಪ್ಪಾ, ಕೆಲಸ ಸಿಕ್ತು! ಕಾಮತ್‌ರ ಆಫೀಸಿಂದ ಫೋನು. ಸೋಮವಾರದಿಂದ ಬಾ ಅಂದ್ರು."

ಅಂಕೋಲೆ ಪೇಟೆಯಲ್ಲಿ ಅಂಗಡಿಯವರ ಜಿಎಸ್‌ಟಿ ತುಂಬಿಕೊಡುವ ಆಫೀಸು ಅದು. ಬಿಕಾಂ ಮುಗಿಸಿದ ಮೇಲೆ ಅವಳು ಆ ಮೆಟ್ಟಿಲು ಅದೆಷ್ಟು ಸಲ ಹತ್ತಿಳಿದಿದ್ದಳೋ. ಸುಗಂಧಾ ಮಡಿಲ ಬೀಜವನ್ನು ಅಲ್ಲೇ ಇಳಿಸಿ ಮಗಳ ಕೆನ್ನೆ ಸವರಿದಳು. ನವಿಲು ಎರಡು ಹೆಜ್ಜೆ ಮುಂದೆ ಬಂತು.

"ಆದ್ರೆ ಲ್ಯಾಪ್‌ಟಾಪು ನಮ್ಮದೇ ತರಬೇಕಂತೆ," ಎಂದಳು ನಾಗಶ್ರೀ, ದನಿ ಇಳಿಸಿ. "ಇಲ್ಲದಿದ್ರೆ ಹಾರವಾಡದ ಒಬ್ಬಳು ಕಾಯ್ತಾ ಇದ್ದಾಳಂತೆ. ಅವಳ ಹತ್ರ ಅದೆಯಂತೆ."

ಮಂಗೇಶ ಜಗಿಯುವುದನ್ನು ನಿಲ್ಲಿಸಿದ. "ಎಷ್ಟಕ್ಕೆ ಬರ್ತದೆ ಅದು?"

"ಹೊಸತಾದ್ರೆ ನಲವತ್ತು ಸಾವಿರ ಆದ್ರೂ ಬೇಕು."

ಮನೆಯಲ್ಲಿ ಇದ್ದದ್ದು ಮಾವಿನಕಾಯಿ ಮಾರಿ ಎತ್ತಿಟ್ಟ ಹದಿನೈದು. ಮೂವರ ಕಣ್ಣೂ ಒಟ್ಟಿಗೆ ಮಲಗಿದ್ದ ಹುಲಿಯಾನ ಮೇಲೆ ಹೋಯಿತು.

"ಎತ್ತಿನ ಜೋಡಿ ಕೇಳಿ ಆ ದಲ್ಲಾಳಿ ಎಷ್ಟು ಸಲ ಬಂದ," ಎಂದಳು ಸುಗಂಧಾ. "ಮಲಗೂ ಎತ್ತು ಕೊಟ್ಟು ಏಳೂ ಯಂತ್ರ ತರುವಾ. ನಾಳೆ ಗದ್ದೆಗೆ ಟಿಲ್ಲರ್ ಕರೆದ್ರಾತು."

"ಬೀಜ ಅರ್ಧ ಬಿದ್ದದೆ, ಅಷ್ಟರಲ್ಲಿ ಎತ್ತು ಮಾರೂದಾ?" ಮಂಗೇಶನಿಗೆ ಸಿಟ್ಟು ಬಂತು. "ಹಳೇದು ಸಿಗೂದಿಲ್ವಾ? ಹೊಸ ಹೋರಿ ತಂದ್ರೆ ಅದಕ್ಕೆ ಉಳೂದು ಕಲಿಸಬೇಕು. ಪಳಗಿದ್ದು ತಂದ್ರೆ ಮರುದಿನವೇ ಹೂಡಬಹುದು."

"ಹೌದೌದು. ಪಳಗಿದ್ದು ಅಂತಲೇ ತಂದದ್ದು ಇದನ್ನೂ."

ಹುಲಿಯಾ ಎದ್ದು ನಿಂತ. ಮಂಗೇಶನ ಪರವಾಗಿ ಸಾಕ್ಷಿ ಹೇಳಲು ಎದ್ದ ಹಾಗಿತ್ತು.

ಸುಗಂಧಾಳ ಅಣ್ಣನ ಮಗ ರೂಪೇಶ ಅಂಕೋಲೆಯಲ್ಲಿ ಮೊಬೈಲ್ ರಿಪೇರಿ ಅಂಗಡಿ ಇಟ್ಟವನು. ಅವನನ್ನು ಕೇಳಿದಾಗ ಕಾರವಾರದಲ್ಲಿ ಒಂದು ಅದೆ ಎಂದ. ಯಜ್ಞೇಶ್ವರ ಭಟ್ರು ಅಂತ, ಕಾಲೇಜಿನಲ್ಲಿ ಮೇಷ್ಟ್ರಾಗಿದ್ದವರು, ನಿವೃತ್ತರು. ಕಣ್ಣಿನ ಆಪರೇಷನ್ ಆದ ಮೇಲೆ ಮುಟ್ಟುವುದಿಲ್ಲವಂತೆ. ಎಂಟು ವರ್ಷ ಹಳೆಯದು. "ನೋಡದೇ ತಗೋಬೇಡಿ ಮಾವಾ," ಎಂದು ಅವನು ನಾಗಶ್ರೀಯ ಕೈಗೆ ಲೆಕ್ಕ ಬರೆಯುವ ಸಾಫ್ಟ್‌ವೇರ್ ಹಾಕಿದ ಪೆನ್‌ಡ್ರೈವ್ ಕೊಟ್ಟ. "ಇದು ಅದರಲ್ಲಿ ಓಡ್ತದಾ ನೋಡಿ. ಓಡದಿದ್ರೆ ಪುಕ್ಕಟೆ ಕೊಟ್ರೂ ಬೇಡ."

ಶನಿವಾರ ಬೆಳಿಗ್ಗೆ ಅಪ್ಪ ಮಗಳು ಬಸ್ಸು ಹತ್ತಿದರು. ಅರ್ಗಾದ ನೌಕಾನೆಲೆಯ ಗೋಡೆ ಕಿಟಕಿಯಲ್ಲಿ ಮುಗಿಯದೆ ಓಡುತ್ತಿದ್ದಾಗ ನಾಗಶ್ರೀ ಹೇಳಿದಳು, "ಅಪ್ಪಾ, ಅಲ್ಲಿ ಎತ್ತಿನ ಸುದ್ದಿ ತೆಗೀಬೇಡ."

"ನಾ ಯಾಕೆ ತೆಗೀಲಿ?"

ಭಟ್ಟರ ಮನೆ ಎರಡನೇ ಮಹಡಿಯಲ್ಲಿತ್ತು. ಬಾಗಿಲು ತೆಗೆದ ಅವರ ಹೆಂಡತಿ ಭಾಗೀರಥಮ್ಮ ಮೊದಲು ಕೇಳಿದ್ದು, "ಆಸರಿಗೆ ಎಂತ ಕೊಡ್ಲಿ? ಬೆಲ್ಲ ನೀರಾ, ಮಜ್ಜಿಗೆಯಾ?" ಎಂದು. ಲ್ಯಾಪ್‌ಟಾಪನ್ನು ಮೇಜಿನ ಮೇಲೆ ಬಟ್ಟೆ ಮುಚ್ಚಿ ಇಟ್ಟಿದ್ದರು. ವೈರು ಗೋಡೆಗೆ ಚುಚ್ಚಿಕೊಂಡಿತ್ತು. ಭಟ್ಟರು ಬಟ್ಟೆ ಸರಿಸಿದರು. ಕೀಲಿಗಳ ಮೇಲಿನ ಅಕ್ಷರ ಅಲ್ಲಲ್ಲಿ ಸವೆದಿತ್ತು, ಮೂಲೆಯ ಒಂದು ಕೀಲಿ ಬಿದ್ದೇ ಹೋಗಿತ್ತು. ಮಂಗೇಶ ಬಗ್ಗಿ ನೋಡಿದ. ಬಾಯಿ ಬಿಡಬಾರದೆಂದಿದ್ದವನು ಬಿಟ್ಟೇಬಿಟ್ಟ.

"ಹಲ್ಲು ಉದುರಿದೆ."

ನಾಗಶ್ರೀ ಕಣ್ಣು ಮುಚ್ಚಿಕೊಂಡಳು. ಆದರೆ ಭಟ್ಟರ ಮುಖ ದೀಪ ಹಚ್ಚಿದ ಹಾಗಾಯಿತು. "ಉದುರದೇ? ಹಲ್ಲೆಲ್ಲ ಬಂದು ಬಾಯಿಗೂಡಿ ಎಷ್ಟು ವರ್ಷ ಆಯ್ತು! ನಾಯ್ಕರೇ, ಎತ್ತು ಇಟ್ಟಿದ್ದೀರಾ?"

ಯಲ್ಲಾಪುರದ ಕಡೆ ಅವರ ತಂದೆಯ ಕೊಟ್ಟಿಗೆಯಲ್ಲಿ ದನ ಕೊಟ್ಟು ತರುವ ವ್ಯವಹಾರ ಇತ್ತಂತೆ. ಕಾರವಾರಕ್ಕೆ ಬಂದ ಮೇಲೆ ಆ ಮಾತು ಆಡಲು ಒಬ್ಬ ಮನುಷ್ಯ ಸಿಕ್ಕಿರಲಿಲ್ಲ. ಅಲ್ಲಿಂದ ಮುಂದೆ ಇಬ್ಬರದೂ ಒಂದೇ ಮಾತು: ಸುಳಿ, ಕೊಂಬು, ಗೊರಸು. ನಾಗಶ್ರೀ ಪಕ್ಕದಲ್ಲಿ ಕೂತು ಪೆನ್‌ಡ್ರೈವ್ ಚುಚ್ಚಿ ಕಾದಳು. ಪರದೆಯ ಮೇಲೆ ಒಂದು ವೃತ್ತ ತಿರುಗಿತು. ತಿರುಗಿತು. ಭಾಗೀರಥಮ್ಮ ಬೆಲ್ಲ ನೀರು ತಂದಿಟ್ಟು ಹೋದರೂ ತಿರುಗುತ್ತಲೇ ಇತ್ತು. ಅವಳ ಎದೆಯಲ್ಲಿ ಹಾರವಾಡದ ಹುಡುಗಿ ಕುರ್ಚಿ ಎಳೆದುಕೊಂಡು ಕೂತಾಯಿತು. ಆಮೇಲೆ ಸಾಫ್ಟ್‌ವೇರ್ ತೆರೆಯಿತು. ಒಂದು ಸುಳ್ಳು ಬಿಲ್ಲು ಹಾಕಿ ನೋಡಿದಳು. ತೆರಿಗೆ ಸರಿಯಾಗಿ ಕೂಡಿತು.

"ಓಡ್ತದೆ ಅಪ್ಪಾ. ನಿಧಾನ."

"ದೋಷ ಹೇಳಿಬಿಡ್ತೇನೆ," ಎಂದರು ಭಟ್ಟರು. "ಬಿಸಿಯಾಗ್ತದೆ. ನಡುವೆ ಒಮ್ಮೆ ನಿಂತುಬಿಡ್ತದೆ, ಆಗ ಬಡಿಬಾರದು, ಸುಮ್ಮನೆ ಬಿಡಬೇಕು. ಬ್ಯಾಟರಿ ಸತ್ತ ಹಾಗೇ. ಬಿಟ್ಟು ಮೇಯಿಸೂಕಾಗೂದಿಲ್ಲ, ಕಟ್ಟಿಹಾಕಿಯೇ ದುಡಿಸಬೇಕು."

ಮಂಗೇಶನಿಗೆ ಅಲ್ಲಿಗೆ ತೀರ್ಮಾನವಾಯಿತು. ಮಾರುವವನೇ ಮಲಗುವ ಗುಣ ಹೇಳಿಕೊಂಡು ಮಾರುವುದು ಅವನ ಆಯುಷ್ಯದಲ್ಲಿ ಮೊದಲ ಸಲ. ಮಗಳ ಮುಖ ನೋಡಿದ. "ನೀನೇ ಹೂಡೂವಳು. ಹೇಳು."

"ತಗೊಳ್ಳುವಾ," ಎಂದಳು ನಾಗಶ್ರೀ. ಅಷ್ಟು ಹೇಳಿ, ಭಾಗೀರಥಮ್ಮ ಪೇರಲೆಹಣ್ಣು ಕೊಡುತ್ತೇನೆಂದು ಕರೆದದ್ದಕ್ಕೆ ಅಡಿಗೆಮನೆಗೆ ಹೋದಳು. ಆಮೇಲೆ ಎಷ್ಟೋ ಸಲ ಅಂದುಕೊಂಡಳು, ಆ ಪೇರಲೆಹಣ್ಣು ತನಗೆ ಬೇಕಿರಲಿಲ್ಲ ಎಂದು.

ಹನ್ನೆರಡು ಸಾವಿರಕ್ಕೆ ಮಾತು ಮುಗಿಯಿತು. ಐನೂರು ರೂಪಾಯಿಯನ್ನು ಮಂಗೇಶ ಕಿಸೆಯಲ್ಲೇ ಉಳಿಸಿಕೊಂಡ. "ಒಂದು ದಿನ ಹೂಡಿ ನೋಡಿದ ಮೇಲೆ," ಎಂದ. "ಸರಿ, ಅದೇ ಕ್ರಮ," ಎಂದರು ಭಟ್ಟರು. ಎದ್ದು, ಗೋಡೆಯಿಂದ ವೈರು ಕಿತ್ತರು. ಮಂಗೇಶ ಕೈ ಅಡ್ಡ ಮಾಡಿದ.

"ಹಗ್ಗ ನಿಮ್ಮಲ್ಲೇ ಇರಲಿ."

"ಅಲ್ವೇ ಮತ್ತೆ! ದನ ಮಾರಿದವ ಹಗ್ಗ ಕೊಡಬಾರದು. ನಮ್ಮ ಅಪ್ಪಯ್ಯ ಒಮ್ಮೆ ಮರೆತು ಗೌರಿ ದನವನ್ನು ಹಗ್ಗದ ಸಮೇತ ಹೊಡೆದುಕೊಟ್ಟ. ಮುಂದಿನ ಮಳೆಗಾಲದೊಳಗೆ ಕೊಟ್ಟಿಗೆ ಖಾಲಿ."

ಭಟ್ಟರು ಆ ವೈರನ್ನು ಕಣ್ಣಿ ಸುತ್ತುವ ಹಾಗೆ ಅಂಗೈಯಿಂದ ಮೊಣಕೈಗೆ ಸುತ್ತಿ, ಬಾಗಿಲ ಹಿಂದಿನ ಮೊಳೆಗೆ ತೂಗುಹಾಕಿದರು. ಭಾಗೀರಥಮ್ಮ ಬಂದು ಲ್ಯಾಪ್‌ಟಾಪಿಗೆ ಕುಂಕುಮ ಇಟ್ಟು, ಬರಿಗೈಲಿ ಕಳಿಸಬಾರದೆಂದು ಚೀಲದೊಳಗೆ ಒಂದು ತೆಂಗಿನಕಾಯಿ ಹಾಕಿದರು.

ಬಸ್ಸಿನಲ್ಲಿ ನಾಗಶ್ರೀ ಚೀಲ ತಬ್ಬಿಕೊಂಡು ಕೂತಿದ್ದಳು. ಮೂಲೆಯಲ್ಲಿ ಗಟ್ಟಿಯಾಗಿ ದುಂಡಗೆ ಏನೋ ಕೈಗೆ ತಾಗಿತು. ಹಳೇ ಕಾಲದ ಚಾರ್ಜರು, ದೊಡ್ಡದೇ ಇರುತ್ತದೆ ಎಂದುಕೊಂಡಳು.

ಮನೆಯಲ್ಲಿ ಚೀಲ ಬಿಚ್ಚಿದಾಗ ತೆಂಗಿನಕಾಯಿ ಉರುಳಿ ಒರಳಿನ ಬುಡಕ್ಕೆ ಹೋಯಿತು. ಲ್ಯಾಪ್‌ಟಾಪು ಹತ್ತಿತು, ಬೆಳಕು ಕೊಟ್ಟಿತು, ಸುಗಂಧಾ "ಚಂದ ಅದೆ" ಎನ್ನುವಷ್ಟರಲ್ಲಿ ಆರಿತು.

"ಅಪ್ಪಾ, ಚಾರ್ಜರ್ ಎಲ್ಲಿ?"

"ಅವರ ಮನೇಲಿ. ಅದು ಹಗ್ಗ ಅಲ್ವಾ?" ಮಂಗೇಶ ಗೂಡಿನಿಂದ ಮೂರು ಮೊಬೈಲ್ ಚಾರ್ಜರ್ ತಂದು ಮುಂದಿಟ್ಟ. "ನಮ್ಮ ಮನೇಲಿ ಹಗ್ಗಕ್ಕೆ ಬರಗಾಲವಾ? ಈಗೆಲ್ಲ ಒಂದೇ ನಮೂನೆ ಬರೂದು, ರೂಪೇಶನೇ ಹೇಳಿದ್ದ."

ಅದು ಮೊಬೈಲಿನ ಮಾತು. ಲ್ಯಾಪ್‌ಟಾಪಿನದು ದುಂಡು ತೂತು. ಮೂರರಲ್ಲಿ ಒಂದೂ ಹೋಗಲಿಲ್ಲ. ರೂಪೇಶನಿಗೆ ಫೋನು ಮಾಡಿದರೆ ಅವನು ಮೊದಲು ನಕ್ಕ, ಆಮೇಲೆ ಕೇಳಿದ, ಆಮೇಲೆ ಮತ್ತೆ ನಕ್ಕ. ಅಷ್ಟು ಹಳೇ ಮಾಡೆಲ್ಲಿನದು ಅಂಕೋಲೆಯಲ್ಲಿ ಇಲ್ಲ. ತರಿಸಿದರೆ ವಾರ ಬೇಕು.

"ಸೋಮವಾರ ಇದನ್ನು ತಗೊಂಡೋಗಿ ಅಲ್ಲಿ ದೇವರ ಹಾಗೆ ಇಟ್ಕೊಂಡು ಕೂತ್ಕೊಳ್ಲಾ? ಕುಂಕುಮ ಬೇರೆ ಅದೆ!" ನಾಗಶ್ರೀ ಭಟ್ಟರ ನಂಬರು ಒತ್ತತೊಡಗಿದಳು.

"ಕೇಳಬೇಡ ಮಗಾ," ಎಂದ ಮಂಗೇಶ. "ಕೇಳಿದ್ರೆ ಪಾಪ, ಕೊಟ್ಟೇಬಿಡ್ತಾರೆ."

"ಕೊಡಲಿ ಅಂತಲೇ ಕೇಳೂದು!"

"ಗೌರಿ ಹೋದ ಕತೆ ಅವರೇ ಹೇಳಿದ್ರು. ತಿಳಿದೂ ತಿಳಿದೂ ಒಬ್ಬರ ಗೂಟ ಬರಿದು ಮಾಡೂದಾ?"

"ಎರಡನೇ ಮಹಡೀಲಿ ಗೂಟ ಎಲ್ಲದೆ ಅಪ್ಪಾ?"

ಮಂಗೇಶನ ಮನಸ್ಸು ಮಾತ್ರ ಒಪ್ಪಲಿಲ್ಲ. ಒಲೆಯ ಮುಂದಿದ್ದ ಸುಗಂಧಾಳಿಗೆ ಬೇಸರ ಬಂತು. "ಅಷ್ಟು ಸಂಕಟ ಆದ್ರೆ ನಿಮ್ಮ ಹಗ್ಗ ಕೊಟ್ಟು ಅವರ ಹಗ್ಗ ತನ್ರಿ. ಹುಲಿಯಾನದೇ ಬಿಚ್ಚಿ ತಗೊಂಡು ಹೋಗಿ!"

ಅವಳು ಹಂಗಿಸಿ ಹೇಳಿದ್ದು. ಮಂಗೇಶ ಮಾತ್ರ "ಹಳೇ ಹಗ್ಗ ಕೊಡೂಕಾಗೂದಿಲ್ಲ," ಎಂದು ಅಟ್ಟದ ಮೇಲಿನ ನಾರಿನ ಕಟ್ಟು ಇಳಿಸಿದ.

ಭಾನುವಾರ ಬೆಳಿಗ್ಗೆ ಗದ್ದೆಗೆ ಯಾರೂ ಹೋಗಲಿಲ್ಲ. ಅಂಗಳದ ಒಂದು ತುದಿಯಲ್ಲಿ ಸುಗಂಧಾ ಗೊಣಗುತ್ತ ಎಳೆ ಹಿಡಿದಳು, ಇನ್ನೊಂದು ತುದಿಯಲ್ಲಿ ಮಂಗೇಶ ಹುರಿ ಹಾಕಿದ. ನಡುವೆ ನಾಗಶ್ರೀ ಎಳೆ ಸಿಕ್ಕಾಗದಂತೆ ಬೆರಳು ಕೊಟ್ಟು ನಿಂತಳು. ಬಿಕಾಂ ಮಾಡಿದ್ದು ಇದಕ್ಕಾ ಎಂದು ಅವಳಿಗೆ ಅನ್ನಿಸಿತು, ಆದರೆ ಬೆರಳು ಸಡಿಲಿಸಲಿಲ್ಲ. ಗದ್ದೆಯಲ್ಲಿ ನವಿಲಿಗೆ ಅವತ್ತು ಹಬ್ಬ.

ಮಧ್ಯಾಹ್ನದ ಬಸ್ಸಿಗೆ ಮತ್ತೆ ಕಾರವಾರ. ಈ ಸಲ ಬಾಗಿಲು ತಟ್ಟುವ ಮೊದಲೇ ತೆರೆಯಿತು. ಭಾಗೀರಥಮ್ಮನ ಕೈಯಲ್ಲಿ ಪ್ಲಾಸ್ಟಿಕ್ ಚೀಲ, ಅದರಲ್ಲಿ ಚಾರ್ಜರು.

"ನಿನ್ನೆ ಸಂಜೆಯಿಂದ ಹೇಳ್ತಾ ಇದ್ದೇನೆ, ಫೋನು ಮಾಡಿ, ಆ ಹುಡುಗಿ ಎಂತ ಮಾಡ್ತದೆ ಅಂತ. ನಾಯ್ಕರು ಬೇಡ ಅಂದದ್ದನ್ನು ಹೇಗೆ ಕೊಡೂದು ಅಂತ ಕೂತಿದ್ದಾರೆ. ತಗೊಳ್ಳಿ, ನಾನು ಕೊಡ್ತೇನೆ!"

"ತಡಿಯೇ," ಎಂದರು ಒಳಗಿನಿಂದ ಭಟ್ಟರು, ಅಪರಾಧಿಯ ದನಿಯಲ್ಲಿ. "ಸುಮ್ಮನೆ ಹಾಗೆ..."

ಮಂಗೇಶ ಕಂಕುಳಿನಿಂದ ಹಗ್ಗ ತೆಗೆದ. ಹೊಸ ನಾರಿನದು, ಇನ್ನೂ ಚುಚ್ಚುವಂಥದು, ತುದಿಗೆ ಕುಣಿಕೆ ಹಾಕಿದ್ದು. ಭಟ್ಟರು ಎರಡೂ ಕೈಯಲ್ಲಿ ತೆಗೆದುಕೊಂಡು ಮೂಗಿನ ಹತ್ತಿರ ಹಿಡಿದರು. ಆಮೇಲೆ ಬಾಗಿಲ ಹಿಂದಿನ ಮೊಳೆಗೆ ಅದನ್ನು ಹಾಕಿ, ಹೆಂಡತಿಯ ಕೈಯಿಂದ ಚೀಲ ತೆಗೆದು ನಾಗಶ್ರೀಗೆ ಕೊಟ್ಟರು.

"ಇಲ್ಲಿ ಯಾವ ಎಮ್ಮೆ ಕಟ್ಟೂದು ಅದರಲ್ಲಿ?" ಎಂದರು ಭಾಗೀರಥಮ್ಮ. ಆದರೆ ಹಗ್ಗದ ಉದ್ದ ನೋಡಿ, "ಬಟ್ಟೆ ಒಣಗಿಸೂಕೆ ಆದೀತು," ಎಂದು ಸಮಾಧಾನ ಮಾಡಿಕೊಂಡರು.

ಸೋಮವಾರ ನಾಗಶ್ರೀ ಆಫೀಸಿನ ಗೋಡೆಯ ಪ್ಲಗ್ಗಿನ ಪಕ್ಕದ ಕುರ್ಚಿಯನ್ನೇ ಹುಡುಕಿ ಕೂತಳು. ಕುಂಕುಮ ಒರೆಸಿದ್ದಳು, ಗುರುತು ಮಾತ್ರ ಉಳಿದಿತ್ತು. ಬಿಸಿಲೇರುವವರೆಗೆ ಯಾವ ತಕರಾರೂ ಇಲ್ಲ. ಒಂದು ಬಟ್ಟೆ ಅಂಗಡಿಯ ಲೆಕ್ಕ ಅರ್ಧಕ್ಕೆ ಬಂದಾಗ ಪರದೆ ನಿಂತುಹೋಯಿತು. ಅದೇ ಹೊತ್ತಿಗೆ ಕಾಮತ್ ಬೆನ್ನ ಹಿಂದೆ ಬಂದು ನಿಂತರು.

"ಎಂತ ಆಯ್ತು? ಹಾಳಾಯ್ತಾ?"

ಅವಳ ಬೆರಳು ಕೀಲಿಯ ಮೇಲೆ ಹೋಯಿತು, ಒತ್ತಲಿಲ್ಲ. ಕೈಯನ್ನು ಮಡಿಲಲ್ಲಿ ಇಟ್ಟುಕೊಂಡಳು. "ಇಲ್ಲ ಸರ್. ಮಲಗಿದೆ. ಏಳ್ತದೆ."

ಕಾಮತ್ ಅವಳನ್ನೊಮ್ಮೆ, ಯಂತ್ರವನ್ನೊಮ್ಮೆ ನೋಡಿದರು. ಇಬ್ಬರೂ ಕಾದರು. ಒಂದು ಎಲೆ ಜಗಿಯುವಷ್ಟು ಹೊತ್ತೂ ಬೇಕಾಗಲಿಲ್ಲ. ಬಟ್ಟೆ ಅಂಗಡಿಯ ಲೆಕ್ಕ ಬಿಟ್ಟಲ್ಲಿಂದಲೇ ಎದ್ದು ಬಂತು. ಅವರು ಒಂದು ಕಟ್ಟು ಬಿಲ್ಲು ತಂದು ಅವಳ ಮುಂದಿಟ್ಟು, "ಇದೂ ಮಾಡಿ," ಎಂದು ಹೋದರು.

ಸಂಜೆ ಮಂಗೇಶ ಬಸ್‌ಸ್ಟಾಪಿಗೇ ಬಂದಿದ್ದ. "ಮಲಗಿತಾ?"

"ಮಲಗಿತು. ಎದ್ದಿತು. ನಾಳೆಯೂ ಬಾ ಅಂದ್ರು."

ಅವನು ಕಿಸೆಯಲ್ಲಿ ಮಡಚಿಟ್ಟಿದ್ದ ಐನೂರರ ನೋಟು ಮುಟ್ಟಿ ನೋಡಿಕೊಂಡ. "ಹಾಗಾದ್ರೆ ಭಟ್ಟರದ್ದು ಕೊಟ್ಟುಬಿಡಬೇಕು. ಹೂಡಿ ನೋಡಿ ಆಯ್ತಲ್ಲ." ರೂಪೇಶನ ಹತ್ತಿರ ಹೇಳಿ ಫೋನಿನಲ್ಲೇ ಕಳಿಸಬಹುದು ಎಂದಳು ಮಗಳು. ಮಂಗೇಶ ಭಟ್ಟರಿಗೆ ಫೋನು ಮಾಡಿ ಹಾಗೆಂದು ಹೇಳಿದ.

"ಬೇಡ ಬೇಡ," ಎಂದರು ಭಟ್ಟರು ಗಾಬರಿಯಿಂದ. "ಫೋನಲ್ಲೆಲ್ಲ ಬೇಡ ನಾಯ್ಕರೇ. ಶೇಂಗಾ ಕೀಳೂವಾಗ ನಾನೇ ಬರ್ತೇನೆ. ಹುಲಿಯಾನನ್ನೂ ನೋಡಿದ ಹಾಗೆ ಆಯ್ತು. ಅಲ್ಲಿಯವರೆಗೆ ಬಾಕಿ ಇರ್ಲಿ."

ಮನೆ ತಲುಪಿದಾಗ ಸುಗಂಧಾ ಕೊಟ್ಟಿಗೆಯ ಬಾಗಿಲಲ್ಲಿ ನಿಂತಿದ್ದಳು. ವಿಷಯ ಕೇಳಿದಳು, ಮಗಳ ಬೆನ್ನು ತಟ್ಟಿದಳು, ಆಮೇಲೆ ಗಂಡನ ಮುಂದೆ ಕೈ ಚಾಚಿದಳು.

"ಬಾಕಿ ಇರೂದಾದ್ರೆ ಆ ನೋಟು ಇತ್ಲಾಗೆ ಕೊಡಿ. ಹುಲಿಯಾನಿಗೆ ಹಿಂಡಿ ಮುಗಿದದೆ."