ಚಟ್ಟ ನಿಂತ ಮನೆಗಳು

"ಇನ್ನೊಂದು ಗೇಣು ಕಡೀರಿ ಅಳಿಯಂದ್ರೆ. ಅಷ್ಟುದ್ದ ಬಿದಿರು ಯಾಕೆ? ಹೊರಾಕೆ ಜನ ಬೇಕಲ್ಲ," ಎಂದು ಲೋಕಪ್ಪ ಕಟ್ಟೆಯ ಮೇಲೆ ಕೂತಲ್ಲಿಂದಲೇ ಹೇಳಿದ.

ಅಂಗಳದಲ್ಲಿ ಚಟ್ಟ ಕಟ್ಟುತ್ತಿದ್ದ ಯತೀಶ ಎತ್ತಿದ ಕತ್ತಿಯನ್ನು ಹಾಗೇ ಹಿಡಿದು ನಿಂತ. ಸತ್ತವನು ಅವನ ಮಾವ ಪುಟ್ಟಪ್ಪ. ಲೋಕಪ್ಪ ಪುಟ್ಟಪ್ಪನ ದಾಯಾದಿ ಅಣ್ಣ, ಮಂಡಿನೋವಿನ ಮನುಷ್ಯ. ಹೊರುವುದಕ್ಕೆ ಆಗದಿದ್ದರೂ ಹೇಳುವುದಕ್ಕೆ ಅವನಿಗೆ ಯಾವ ನೋವೂ ಇರಲಿಲ್ಲ.

ಒಳಗೆ ಅಪ್ಪನ ತಲೆಯ ಹತ್ತಿರ ಕೂತಿದ್ದ ನಾಗವೇಣಿಗೆ ಆ ಮಾತು ಕೇಳಿಸಿತು. ಸುದ್ದಿ ತಿಳಿದು ಸೊರಬದ ಕಡೆಯ ಕ್ಯಾಸನೂರಿನಿಂದ ಗಂಡನ ಬೈಕಿನಲ್ಲಿ ಬಂದಾಗ ಇನ್ನೂ ಮಂಜು ಬಿಟ್ಟಿರಲಿಲ್ಲ. ಈಗ ಬಿಸಿಲು ಚಪ್ಪರದ ಮೇಲೆ ಬಂದಿದೆ. ಈ ಊರಲ್ಲಿ ಯಾರಾದರೂ ತೀರಿಕೊಂಡರೆ ಕರೆಯುವ ಪದ್ಧತಿಯೇ ಇಲ್ಲ, ಚಾಪೆ ಹಾಸುವುದರೊಳಗೆ ಜನ ಬಂದಿರುತ್ತಾರೆ. ಇವತ್ತು ನಾಲ್ಕೈದು ಹೆಂಗಸರು ಬಂದು ಕೂತಿದ್ದರು, ಗಂಡಸರಿಗೆ ಹಾಸಿದ ಚಾಪೆ ಹಾಸಿದ ಹಾಗೇ ಇತ್ತು. ಹೆಗಲು ಕೊಡುವುದಕ್ಕೆ ಯತೀಶ ಒಬ್ಬ, ಲೋಕಪ್ಪನ ಮಗ ಮಾಳೇಶ ಒಬ್ಬ. ಇನ್ನೆರಡು ಹೆಗಲು ಎಲ್ಲಿಂದ ತರುವುದು?

"ಟ್ರ್ಯಾಕ್ಟರ್ ಹೇಳಿದ್ರೆ ಆತು," ಎಂದ ಲೋಕಪ್ಪ. "ಈಗಿನ ಕಾಲದಾಗೆ ಯಾರು ಹೊರ್ತಾರೆ?"

ನಾಗವೇಣಿ ಎದ್ದು ಬಾಗಿಲಿಗೆ ಬಂದಳು. "ಟ್ರೇಲರ್‌ನಾಗೆ ಹಾಕ್ಕಂಡು ಹೋಗಾಕೆ ನಮ್ಮಪ್ಪ ಏನು ಗೊಬ್ಬರನಾ ದೊಡ್ಡಪ್ಪ? ಹೆಗಲ ಮೇಲೇ ಹೋಗ್ಬೇಕು."

"ಹೋಗ್ಲಿ ಅಂತ ನನಗೂ ಐತೆ ಮಗಾ. ಹೆಗಲು ಎಲ್ಲಿ ಅದಾವೆ ತೋರ್ಸು."

ಯತೀಶ ಹತ್ತಿರ ಬಂದು, "ಎಂತಕ್ಕೆ ಅಷ್ಟು ತಲೆ ಕೆಡಿಸ್ಕೊಳ್ತೀಯ ಮಾರಾಯ್ತಿ? ನಾ ನಮ್ಮೂರಿಗೆ ಫೋನ್ ಮಾಡ್ತೀನಿ, ನಾಲ್ಕು ಹುಡುಗ್ರು ಬರ್ತಾರೆ," ಎಂದ. ಒಳ್ಳೆಯ ಮನಸ್ಸಿನಿಂದಲೇ ಅಂದದ್ದು. ಆದರೆ ಹುಟ್ಟಿದೂರಲ್ಲಿ ಅಪ್ಪನನ್ನು ಹೊರುವುದಕ್ಕೆ ಸೊರಬದ ಕಡೆಯಿಂದ ಜನ ಬರಬೇಕೇ ಎಂದು ಅವಳಿಗೆ ಮೈಯೆಲ್ಲ ಉರಿದುಹೋಯಿತು.

*

ಪುಟ್ಟಪ್ಪ ಪಂಚಾಯ್ತಿಯ ಜವಾನನಾಗಿದ್ದ. ಕಸ ಗುಡಿಸುವುದು, ನೋಟೀಸು ಹಂಚುವುದು, ಸಭೆಯಿದ್ದರೆ ಚಹಾ ತರುವುದು, ಸಭೆಯಲ್ಲಿ ಜಗಳವಾದರೆ ಬಾಗಿಲು ಮುಂದೆ ಮಾಡುವುದು ಅವನ ಕೆಲಸ. ಕೊರೊನಾ ಬಂದು ಎಲ್ಲ ಮುಚ್ಚಿಕೊಂಡಾಗ ಇನ್ನೊಂದು ಕೆಲಸ ಸೇರಿತು. ಕಷ್ಟದಲ್ಲಿದ್ದ ಮನೆಗಳಿಗೆ ಪಂಚಾಯ್ತಿಯಿಂದ ಕಿಟ್ ಬಂತು. ಬಿಳಿ ಚೀಲದಲ್ಲಿ ಅಕ್ಕಿ, ತೊಗರಿಬೇಳೆ, ಎಣ್ಣೆ, ಉಪ್ಪು. ಕೊಡುವಾಗ ಫೋಟೋ ತೆಗೆದು ವಾಟ್ಸಾಪ್ ಗ್ರೂಪಿಗೆ ಹಾಕಬೇಕು ಎಂದು ಮೇಲಿನವರು ಹೇಳಿದ್ದರು. ಆ ಫೋಟೋಗಳಲ್ಲಿ ಕೊಟ್ಟವರ ಮುಖ ದೊಡ್ಡದಾಗಿಯೂ ತಗೊಂಡವರ ಮುಖ ಸಣ್ಣದಾಗಿಯೂ ಕಾಣುತ್ತಿತ್ತು. ಕೂಲಿಯವರು ಫೋಟೋಕ್ಕೆ ನಿಂತರು. ಹಸಿವಿಗೆ ನಾಚಿಕೆಯಿಲ್ಲ ಎಂದಲ್ಲ, ಬೇರೆ ದಾರಿ ಇರಲಿಲ್ಲ.

ರೋಗದ ಗಲಾಟೆ ಇಳಿದ ಮೇಲೆ ಗ್ರಾಮಸಭೆ ಸೇರಿತು. ಮದುವೆಗಳಿಗೆ ಶಾಮಿಯಾನ, ಕುರ್ಚಿ ಬಾಡಿಗೆ ಕೊಡುವ ಮಾಲತೇಶ್ ಫೋನು ಹಿಡಿದು ಎದ್ದು ನಿಂತ. ಮಾತಿನಲ್ಲಿ ಚುರುಕು, ಅನ್ಯಾಯ ಕಂಡರೆ ತಡೆಯಲಾರದ ಹುಡುಗ ಎಂದು ಹೆಸರು.

"ಬಂದ ಕಿಟ್ ಜಾಸ್ತಿ, ಫೋಟೋ ಕಡಿಮೆ. ಉಳಿದವು ಯಾರ ಹೊಟ್ಟೆಗೆ ಹೋದ್ವು? ಕಿಟ್ ಇಟ್ಟ ರೂಮಿನ ಬೀಗದ ಕೈ ಇದ್ದದ್ದು ಪುಟ್ಟಪ್ಪನ ಹತ್ರ. ಅವನೇ ಹೇಳ್ಲಿ."

ಚಹಾದ ತಟ್ಟೆ ಹಿಡಿದು ಬಾಗಿಲಲ್ಲಿ ನಿಂತಿದ್ದ ಪುಟ್ಟಪ್ಪ, "ಕೊಟ್ಟೀನಿ," ಎಂದ.

"ಯಾರಿಗೆ?"

"ಹಸಿದೋರಿಗೆ."

"ಹೆಸರು ಹೇಳು ಮತ್ತೆ."

ಪುಟ್ಟಪ್ಪ ಸಭೆಯನ್ನು ಒಮ್ಮೆ ನೋಡಿದ. ಅವನು ಚಹಾ ಹಂಚಿ ಮುಗಿಸಿ, ಖಾಲಿ ಲೋಟಗಳನ್ನು ತೊಳೆದಿಟ್ಟು ಮನೆಗೆ ಬಂದ. ಆಮೇಲೆ ಅವನನ್ನು ಕೆಲಸಕ್ಕೆ ಕರೆಯಲಿಲ್ಲ. ಮೆಕ್ಕೆಜೋಳದ ಹೊಲಗಳಿಗೆ ಕೂಲಿಗೆ ಹೋದ, ನಾಲ್ಕು ಕುರಿ ಕಟ್ಟಿಕೊಂಡ. ಊರಿನ ಎಷ್ಟೋ ಜನ ಅವನು ಎದುರಿಗೆ ಬಂದರೆ ಸಂದಿಗೆ ತಿರುಗಿಕೊಳ್ಳತೊಡಗಿದರು. ಹುಡುಗನಾಗಿದ್ದಾಗಿನಿಂದ ಅವನ ಅಂಗಿ ಹೊಲಿದ ದರ್ಜಿ ಸದಾಶಿವಪ್ಪನವರಂತೂ ಅವನು ರಸ್ತೆಯಲ್ಲಿ ಹೋಗುತ್ತಿದ್ದರೆ ಸೂಜಿಗೆ ದಾರ ಪೋಣಿಸುವವರ ಹಾಗೆ ತಲೆ ಬಗ್ಗಿಸಿಬಿಡುತ್ತಿದ್ದರು.

ತವರಿಗೆ ಬಂದಿದ್ದಾಗ ನಾಗವೇಣಿ ಒಮ್ಮೆ ಕೇಳಿಯೇಬಿಟ್ಟಿದ್ದಳು. "ಅಪ್ಪಾ, ನಿಜ ಹೇಳು. ನೀನು ತಗಂಡಿದ್ಯಾ?"

ಪುಟ್ಟಪ್ಪ ನಕ್ಕಿದ್ದ. "ಅಕ್ಕಿ ಇರೋದು ತಿನ್ನಾಕೆ ಮಗಾ. ಯಾರೋ ತಿಂದಾರೆ ಬಿಡು."

ಅದು ಅವಳಿಗೆ ಅರ್ಧ ಒಪ್ಪಿಕೊಂಡ ಹಾಗೆ ಕೇಳಿಸಿತ್ತು. ಮತ್ತೆ ಆ ಮಾತು ಎತ್ತಿರಲಿಲ್ಲ.

*

ಸ್ನಾನ ಮಾಡಿಸಿ, ಹಣೆಗೆ ವಿಭೂತಿ ಹಚ್ಚಿ ಪುಟ್ಟಪ್ಪನನ್ನು ಅಂಗಳಕ್ಕೆ ತರುವ ಹೊತ್ತಿಗೆ ಬೇಲಿಯ ಹತ್ತಿರ ಒಬ್ಬರು ಬಂದು ನಿಂತರು. ಸದಾಶಿವಪ್ಪ. ಒಳಗೆ ಬರಲೋ ಬೇಡವೋ ಎಂದು ಚಪ್ಪಲಿ ಬಿಟ್ಟು, ಮತ್ತೆ ಮೆಟ್ಟಿ, ಮತ್ತೆ ಬಿಟ್ಟರು.

"ತಂಗೀ, ಹೆಗಲು ಕೊಡಾಕೆ ಬಂದೀನಿ. ಕೊಡಬೌದಾ?"

"ಇಷ್ಟು ವರ್ಷ ಎಲ್ಲಿದ್ರಿ ಮಾಮ?" ನಾಗವೇಣಿಯ ದನಿ ಏರಿತು. "ನಮ್ಮಪ್ಪ ಉಸಿರಾಡ್ತಿದ್ದಾಗ ಮುಖ ತಿರುಗಿಸಿದ್ರಿ. ಈಗ ಹೆಗಲು ಯಾಕೆ?"

ಸದಾಶಿವಪ್ಪ ಅಲ್ಲೇ ನೆಲದ ಮೇಲೆ ಕೂತುಬಿಟ್ಟರು. "ಮುಖ ತಿರುಗಿಸಿದ್ದು ಹೌದು. ಅವನನ್ನ ನೋಡಾಕೆ ನನಗೆ ಮುಖ ಇರ್ಲಿಲ್ಲ," ಎಂದು ಎಲ್ಲರೆದುರಿಗೆ ಹೇಳತೊಡಗಿದರು.

*

ಕೊರೊನಾದ ಆ ಬೇಸಿಗೆ ಮದುವೆಗಳಿಲ್ಲದೆ ದರ್ಜಿಯ ಮಿಷನ್ನು ಬಟ್ಟೆ ಹೊದ್ದು ಮಲಗಿತ್ತು. ಮನೆಯಲ್ಲಿ ಒಂದು ಹೊತ್ತು ಗಂಜಿ. ಕಿಟ್ ಕೇಳಬಹುದಿತ್ತು. ಆದರೆ ಮಗಳ ಮದುವೆಯ ಮಾತು ಅರ್ಧಕ್ಕೆ ಬಂದಿತ್ತು. ಚೀಲ ಹಿಡಿದು ನಿಂತ ಫೋಟೋ ಗಂಡಿನ ಕಡೆಯವರ ಫೋನಿಗೆ ಹೋದರೆ ಗತಿ ಏನು?

ಒಂದು ಮಧ್ಯಾಹ್ನ ಪುಟ್ಟಪ್ಪ ಸೈಕಲ್ಲಿನ ಮೇಲೆ ಚೀಲ ಹೇರಿಕೊಂಡು ಗೊಣಗುತ್ತಾ ಬಂದ. "ಸದಾಶಿವಪ್ಪಾರೆ, ಒಂದು ಉಪಕಾರ ಆಗ್ಬೇಕು. ಪಂಚಾಯ್ತಿ ರೂಮು ಸೋರತೈತೆ, ಇಲಿ ಕಾಟ ಬೇರೆ. ಇದನ್ನ ಒಂದೆರಡು ದಿನ ನಿಮ್ಮ ಅಟ್ಟದ ಮೇಲೆ ಇಟ್ಕಳ್ರಿ. ಬಂದು ಒಯ್ತೀನಿ."

ಉಪಕಾರ ಕೇಳುತ್ತಿದ್ದವನು ಪುಟ್ಟಪ್ಪ. ಮಾಡುವವರು ಇವರು. ಸದಾಶಿವಪ್ಪ ಬಹಳ ದಿನಗಳ ಮೇಲೆ ಬೆನ್ನು ನೆಟ್ಟಗೆ ಮಾಡಿ, "ಇಡಪ್ಪ, ಅದಕ್ಕೇನಂತೆ," ಎಂದರು.

ಹೋಗುವಾಗ ಪುಟ್ಟಪ್ಪ ಸೈಕಲ್ ತಿರುಗಿಸಿ, "ಇಲಿ ಕಡಿದು ಕಡಿಮೆಯಾದ್ರೆ ನಿಮ್ಮ ತಪ್ಪಲ್ಲ ಮತ್ತೆ. ಹುಳ ಬೀಳೋದ್ರೊಳಗೆ ಏನಾರ ಮಾಡ್ರಿ," ಎಂದ.

ಸ್ವಲ್ಪ ದಿನ ಯಾರೂ ಮುಟ್ಟಲಿಲ್ಲ. ಆಮೇಲೆ ಸದಾಶಿವಪ್ಪನ ಹೆಂಡತಿ ಚೀಲದ ಬಾಯಿ ಬಿಚ್ಚಿದಳು. ಪುಟ್ಟಪ್ಪ ಒಯ್ಯುವುದಕ್ಕೆ ಬರಲೇ ಇಲ್ಲ.

*

"ಸಭೆಯಾಗೆ ನಾನು ಎದ್ದು ನಿಂತಿದ್ರೆ ಆಗ್ತಿತ್ತು," ಎಂದರು ಸದಾಶಿವಪ್ಪ. "ಕಾಲು ಏಳ್ಲಿಲ್ಲ. ನಂಬಿ ಇಟ್ಟಿದ್ದನ್ನ ತಿಂದವನು ಊರಿಗೆಲ್ಲ ನಾನೊಬ್ಬನೇ ಅಂತ ತಿಳ್ಕಂಡಿದ್ದೆ."

ಹೆಂಗಸರ ನಡುವೆ ಸೆರಗು ಮುಚ್ಚಿ ಕೂತಿದ್ದ ಸರ್ವಮಂಗಳ ತಲೆ ಎತ್ತಿದಳು. ಬಸ್ ಸ್ಟ್ಯಾಂಡಿನ ಹತ್ತಿರ ಖಾನಾವಳಿ ನಡೆಸುವವಳು, ಊರಿಗೆಲ್ಲ ಊಟ ಹಾಕುವವಳು.

"ನಿಮಗೂ ರೂಮು ಸೋರತೈತೆ ಅಂದಿದ್ನಾ?"

ಲೋಕಪ್ಪ, "ಆ ರೂಮು ಯಾವಾಗ ಸೋರಿತ್ತು? ಹೊಸದಾಗಿ ತಾರಸಿ ಹಾಕಿದ್ದಲ್ಲ!" ಎಂದ.

ಬೆಳಗಿನಿಂದ ಗಂಡನ ಪಾದ ಒತ್ತುತ್ತಾ ಕೂತಿದ್ದ ನಾಗವೇಣಿಯ ತಾಯಿ ಗುಡ್ಡಮ್ಮ ಥಟ್ಟನೆ ನಕ್ಕಳು. ನಕ್ಕವಳು ಹಾಗೇ ಅಳುವುದಕ್ಕೆ ಶುರು ಮಾಡಿದಳು. "ನನ್ನ ಗಂಡಗೆ ಸುಳ್ಳು ಹೇಳಾಕೆ ಬರಲ್ಲ ಅಂದ್ಕಂಡಿದ್ದೆ ಕಣವ್ವಾ. ಎಂಥಾ ಸುಳ್ಳ! ನನಗೂ ಹೇಳ್ಲಿಲ್ಲ."

ನಾಗವೇಣಿ ಅಮ್ಮನನ್ನು ಹಿಡಿದುಕೊಂಡಳು. ಅಪ್ಪನನ್ನು ಕೇಳಬಾರದ್ದನ್ನು ತಾನೂ ಕೇಳಿದ್ದಳಲ್ಲ. ಈಗ ಯಾರ ಹತ್ತಿರ ತಪ್ಪಾಯಿತು ಅನ್ನುವುದು?

ಸದಾಶಿವಪ್ಪ ಮುಂದಿನ ಬಿದಿರಿಗೆ ಹೆಗಲು ಕೊಟ್ಟರು. ಸರ್ವಮಂಗಳ ಗಂಡನನ್ನು ಕರೆಸಿ ಹಿಂದೆ ನಿಲ್ಲಿಸಿದಳು. ಚಟ್ಟ ಎದ್ದಿತು.

ಆ ಊರಿನಲ್ಲಿ ಹೆಣ ಹೋಗುವಾಗ ಬೇರೆಯವರು ಬಾಗಿಲು ಮುಂದೆ ಮಾಡಿಕೊಳ್ಳುತ್ತಾರೆ. ರಕ್ತಸಂಬಂಧಿಕರ ಮನೆಯ ಮುಂದೆ ಮಾತ್ರ ಚಟ್ಟ ಇಳಿಸುವುದು. ಆ ಮನೆಯ ಹೆಂಗಸು ಚೊಂಬಿನಲ್ಲಿ ನೀರು ತಂದು ಹೊತ್ತವರ ಕಾಲಿಗೆ ಹಾಕಿ ಕೈಮುಗಿಯುತ್ತಾಳೆ. ಪುಟ್ಟಪ್ಪನಿಗೆ ಅಂಥ ಮನೆ ಇದ್ದದ್ದು ಲೋಕಪ್ಪನದು ಒಂದೇ. ಅಲ್ಲಿ ಇಳಿಸಿದ್ದಾಯಿತು, ಎತ್ತಿದ್ದಾಯಿತು.

ದರ್ಜಿಯ ಮನೆ ಬಂದಾಗ ಅವರ ಹೆಂಡತಿ ಚೊಂಬು ಹಿಡಿದು ರಸ್ತೆಯಲ್ಲಿ ನಿಂತಿದ್ದಳು. "ಇಳಿಸ್ರಿ ಇಲ್ಲಿ."

"ಇದ್ಯಾವ ಸೀಮೆ ಪದ್ಧತಿ? ಅವನು ನಿಮಗೆ ಏನಾಗ್ಬೇಕು?" ಎಂದು ಲೋಕಪ್ಪ ಹಿಂದಿನಿಂದ ಕೂಗಿದ. ಚಟ್ಟ ಇಳಿಯಿತು.

ಅಂಗಳದ ಮಾತು ಚಟ್ಟಕ್ಕಿಂತ ಮೊದಲೇ ಊರೆಲ್ಲ ಹೋಗಿತ್ತು. ಖಾನಾವಳಿಯ ಮುಂದೆ ಇಳಿಯಿತು. ವಾಲಗದವರ ಮನೆಯ ಮುಂದೆ ಇಳಿಯಿತು. ಹೊಸ ಬಣ್ಣ ಹೊಡೆಸಿಕೊಂಡ, ಸಾಲ ಕೇಳಲು ಹೋದರೆ ಗದರಿಸಿ ಕಳಿಸುತ್ತಿದ್ದ ದೊಡ್ಡ ಮನೆಯ ಮುಂದೂ ಒಬ್ಬ ಮುದುಕಿ ಚೊಂಬು ಹಿಡಿದು ನಿಂತಿದ್ದಳು. ಆ ಮನೆಯನ್ನು ನಾಗವೇಣಿ ಕನಸಿನಲ್ಲೂ ಎಣಿಸಿರಲಿಲ್ಲ. ಪ್ರತಿ ಮನೆಯಿಂದಲೂ ಗಂಡಸರು ಬಂದು ಹೆಗಲು ಬದಲಾಯಿಸಿದರು. ಯತೀಶ ಹೊರುವುದಕ್ಕೆ ಜಾಗ ಸಿಗದೆ ಹೆಂಡತಿಯ ಪಕ್ಕದಲ್ಲಿ ನಡೆಯುತ್ತಿದ್ದ. ಅಷ್ಟು ಜನರ ಹಸಿವಿನ ಗುಟ್ಟನ್ನು ಅಪ್ಪ ಹೊಟ್ಟೆಯಲ್ಲಿಟ್ಟುಕೊಂಡು ಇಷ್ಟು ವರ್ಷ ಈ ರಸ್ತೆಯಲ್ಲಿ ಒಬ್ಬನೇ ಓಡಾಡಿದನಲ್ಲ ಎಂದು ನಾಗವೇಣಿಗೆ ಹೆಮ್ಮೆಯೂ ಸಿಟ್ಟೂ ಒಟ್ಟಿಗೇ ಬಂದವು.

ಊರಿನ ಕೊನೆಯ ಮನೆ ಮಾಲತೇಶನದು. ಹೆಂಗಸರು ಅಲ್ಲಿಂದ ಹಿಂತಿರುಗಬೇಕು. ಸಾವಿನ ಮನೆಗೆ ಬಾರದಿದ್ದ ಮಾಲತೇಶ್ ಜನ ನೋಡಿ ಬೆರಗಾಗಿ ರಸ್ತೆಬದಿಯಲ್ಲಿ ನಿಂತಿದ್ದ. ಚಟ್ಟ ಹಾದುಹೋಗಲಿ ಎಂದು ಎರಡು ಹೆಜ್ಜೆ ಹಿಂದೆ ಸರಿದ.

ಅವನ ಹಿಂದಿನಿಂದ ಅವನ ತಾಯಿ ಯಮುನಮ್ಮ ಗೋಡೆ ಹಿಡಿದುಕೊಂಡು ಬಂದಳು. ಕೈಯಲ್ಲಿ ಚೊಂಬು.

"ಇಲ್ಲೂ ಇಳಿಸ್ರಪ್ಪ."

"ಅವ್ವಾ, ಏನ್ ಮಾಡ್ತಿದ್ದಿ? ನಮಗೂ ಇವರಿಗೂ ಏನ್ ಸಂಬಂಧ?"

ಯಮುನಮ್ಮ ಅವನ ಕಡೆ ನೋಡಲಿಲ್ಲ. "ಕೊರೊನಾದಾಗೆ ನಿನ್ನ ಶಾಮಿಯಾನ ಎಲ್ಲ ಮೂಲೆಗೆ ಬಿದ್ದಿತ್ತು. ದಿನಾ ಉಣ್ಣಾಕೆ ಮಾತ್ರ ಕೂರ್ತಿದ್ದಿ. ಅಕ್ಕಿ ಎಲ್ಲಿಂದ ಬಂತು ಅಂತ ಒಂದಿನ ಕೇಳಿದ್ಯಾ? ಸಭೆಯಾಗೆ ಅವನ ಮಾನ ಕಳೆದು ಬಂದು ನನ್ನ ಮುಂದೆ ಕುಣಿದಾಡಿದ್ಯಲ್ಲ, ಆವತ್ತು ಹೇಳಾಕೆ ನನಗೆ ಬಾಯಿ ಬರ್ಲಿಲ್ಲ."

ಚಟ್ಟ ಇಳಿಯಿತು. ಯಮುನಮ್ಮ ಹೊತ್ತವರ ಕಾಲಿಗೆಲ್ಲ ನೀರು ಹಾಕಿದಳು. ಮಾಲತೇಶನಿಗೆ ಆಡಬೇಕೆಂದು ನಾಗವೇಣಿ ಎಷ್ಟೋ ವರ್ಷಗಳಿಂದ ಕೂಡಿಟ್ಟ ಮಾತುಗಳಿದ್ದವು. ಅವನು ಈಗ ಅವಳನ್ನೇ ನೋಡುತ್ತಿದ್ದ.

"ಅಕ್ಕಾ..."

ಅವಳು ಚಟ್ಟದ ಪಕ್ಕದಿಂದ ಸರಿದು ಅವನಿಗೆ ಜಾಗ ಬಿಟ್ಟಳು. ಮತ್ತೆ ಮುಂದೆ ಹೆಗಲು ಕೊಟ್ಟಿದ್ದ ಸದಾಶಿವಪ್ಪ ಎದ್ದು ಹಿಂದಕ್ಕೆ ಹೋದರು. ಮಾಲತೇಶ್ ಚಪ್ಪಲಿ ಕಳಚಿ ಬಗ್ಗಿ, ಮುಂದಿನ ಬಿದಿರಿಗೆ ಹೆಗಲು ಕೊಟ್ಟು ಎದ್ದು ನಿಂತ. ಯಮುನಮ್ಮ ಚೊಂಬು ಅಲುಗಾಡಿಸಿ ನೋಡಿದಳು. ತಳದಲ್ಲಿ ಇನ್ನೂ ಸ್ವಲ್ಪ ಇತ್ತು. ಕಷ್ಟಪಟ್ಟು ಬಗ್ಗಿ, ಮಗನ ಕಾಲಿಗೂ ನೀರು ಹಾಕಿ ಕೈಮುಗಿದಳು.