ಹೊಲಿಗೆಗೆ ಬಿಟ್ಟ ಅರ್ಧ ಇಂಚು

ಸಂಜೆ ನಾಲ್ಕಕ್ಕೆ ಪಕ್ಕದ ಬೀದಿಯ ಹೊಸ ದರ್ಜಿ ಬಂದು ಕಟಿಂಗ್ ಟೇಬಲ್ಲನ್ನು ಹೊತ್ತುಕೊಂಡು ಹೋಗುವವನಿದ್ದ. ಕೊಡುತ್ತೇನೆಂದು ಮಾತು ಕೊಟ್ಟವರು ಟೈಲರ್ ಮಾಸ್ತರೇ. ಯಾರೂ ಅವರ ಕುತ್ತಿಗೆ ಮೇಲೆ ಕೂತು ಹೇಳಿಸಿರಲಿಲ್ಲ. ಆದರೂ ಬೆಳಿಗ್ಗೆಯಿಂದ ಅವರು ಕಾಲು ಸುಟ್ಟ ಬೆಕ್ಕಿನ ಹಾಗೆ ಅಂಗಡಿಯಿಂದ ಅಡುಗೆಮನೆಗೆ, ಅಡುಗೆಮನೆಯಿಂದ ಅಂಗಳಕ್ಕೆ ಓಡಾಡುತ್ತಿದ್ದರು. ಅಂಗಡಿಯೆಂದರೆ ಬೇರೇನಲ್ಲ, ಮನೆಯ ಮುಂದಿನ ಕೋಣೆ. ಮೂವತ್ತೊಂದು ವರ್ಷ ಅದೇ ಕೋಣೆಯಲ್ಲಿ, ಅದೇ ಮೇಜಿನ ಮುಂದೆ ನಿಂತೇ ಬದುಕಿದವರು. ಕೂರುವುದು ಅವರಿಗೆ ಅಭ್ಯಾಸವೇ ಇರಲಿಲ್ಲ.

"ರೀ, ಒಂದು ಕಡೆ ಕೂತ್ಕೊಳ್ಳಿ. ನಿಮ್ಮನ್ನ ನೋಡಿ ನೋಡಿ ನನಗೇ ತಲೆ ತಿರುಗ್ತಿದೆ," ಎಂದರು ಹೆಂಡತಿ.

"ಕೂತಿದ್ದೀನಲ್ಲೇ," ಎಂದರು ಮಾಸ್ತರು, ನಿಂತುಕೊಂಡೇ.

ಇಷ್ಟಕ್ಕೆಲ್ಲ ಕಾರಣ ಒಂದು ಕೋಟು. ಹಲ್ಲಿನ ಡಾಕ್ಟರು ಮುಂದಿನ ತಿಂಗಳು ನಡೆಯುವ ಮಗನ ಮದುವೆಗೆಂದು ಹೊಲಿಯಲು ಕೊಟ್ಟಿದ್ದ ಬೂದುಬಣ್ಣದ ಕೋಟು. ತೋಳು ಬಿಗಿಯಾಗಿ, ಗಿಡ್ಡವಾಗಿ ಬಂತು. ಡಾಕ್ಟರು ಅದನ್ನು ತೊಟ್ಟು ಕನ್ನಡಿ ನೋಡಿಕೊಂಡರು, ಕೈ ಮುಂದೆ ಚಾಚಿ ನೋಡಿದರು, ತುಟಿ ಪಿಟಕ್ಕೆನ್ನದೆ ಬಿಚ್ಚಿ ಮಡಚಿಟ್ಟು ಹೊರಟುಹೋದರು. ಬೈದಿದ್ದರೆ ಮಾಸ್ತರು ಎರಡು ದಿನ ಉರಿದುಕೊಂಡು ಸುಮ್ಮನಾಗುತ್ತಿದ್ದರು. ಬೈಯದೆ ಹೋದದ್ದು ಹತ್ತು ದಿನವಾದರೂ ಕೊರೆಯುತ್ತಿತ್ತು. ಕೈಯ ಹಿಡಿತ ಹೋಯಿತು, ಇನ್ನು ಮುಗಿಯಿತು ಎಂದು ಅವರೇ ತೀರ್ಮಾನಿಸಿಬಿಟ್ಟರು. ಕತ್ತರಿ ಮುಟ್ಟಲಿಲ್ಲ. ಮೇಜು ಕೊಡುತ್ತೇನೆಂದು ತಾವೇ ಹೋಗಿ ಹೇಳಿಬಂದರು.

ಅಂಗಳದಲ್ಲಿ ಮಗಳ ಕಾರು ನಿಂತಿತ್ತು. ಮಗಳು ಟ್ಯಾಕ್ಸಿ ಓಡಿಸುವವಳು. ಹೋದ ತಿಂಗಳು ಅಗಲವಾದ ಟೈರು ಹಾಕಿಸಿದ್ದಳು. ಅವು ಕಾರಿನ ಮೈಯಿಂದ ಎರಡು ಬೆರಳು ಹೊರಗೆ ಚಾಚಿ, ಇದ್ದಬದ್ದ ಕೆಸರನ್ನೆಲ್ಲ ಬಾಗಿಲಿಗೆ ಎರಚುತ್ತಿದ್ದವು. ಸಾಲದ್ದಕ್ಕೆ ತಿರುವಿನಲ್ಲಿ ತಗಡಿನ ಅಂಚಿಗೆ ಉಜ್ಜಿ ಕರಕರ ಸದ್ದು ಬೇರೆ. ಅದಕ್ಕೇ ಚಕ್ರದ ಮೇಲೆ ಕೂರಿಸುವ ಕಪ್ಪು ಪ್ಲಾಸ್ಟಿಕ್ಕಿನ ನಾಲ್ಕು ಕಮಾನುಗಳನ್ನು ತರಿಸಿದ್ದಳು.

"ಇದಕ್ಕೆ ಫ್ಲೇರ್ ಅಂತಾರಪ್ಪಾ," ಎಂದು ಬೆಳಿಗ್ಗೆ ಪೆಟ್ಟಿಗೆ ಬಿಚ್ಚುತ್ತಾ ಹೇಳಿದ್ದಳು.

"ಫ್ಲೇರ್ ಗೊತ್ತಿಲ್ವೇನೇ ನನಗೆ? ಸ್ಕರ್ಟಿನ ಅಂಚು ಅಗಲಿಸೋಕೆ ಎಷ್ಟು ಫ್ಲೇರ್ ಕೊಟ್ಟಿಲ್ಲ ಈ ಕೈಯಲ್ಲಿ! ಒಟ್ಟಿನಲ್ಲಿ ನಿನ್ನ ಕಾರಿಗೂ ಸ್ಕರ್ಟು ತೊಡಿಸ್ತೀಯ ಅನ್ನು."

ಮಗಳು ನಕ್ಕಿದ್ದಳು. ಪೆಟ್ಟಿಗೆಯೊಳಗಿನ ಸ್ಕ್ರೂಗಳು ಆಗಲೇ ತುಕ್ಕು ಹಿಡಿದಿದ್ದವು. ಬೇರೆ ತರುತ್ತೇನೆಂದು ಮಧ್ಯಾಹ್ನ ಊಟ ಮುಗಿಸಿ ಹೊರಟವಳು ಗೇಟಿನ ಹತ್ತಿರ ತಿರುಗಿ, "ನಾನು ಬರೋವರೆಗೂ ಮುಟ್ಟಬೇಡ ಅಪ್ಪಾ," ಎಂದಳು.

ಮುಟ್ಟಬೇಡ ಎಂದಮೇಲೆ ಮುಟ್ಟದಿರಲು ಆಗುತ್ತದೆಯೇ? ಅವಳು ಬೀದಿ ತಿರುಗಿದ ಮೇಲೆ ಮಾಸ್ತರು ಹತ್ತು ನಿಮಿಷ ತಡೆದರು. ಗೋಡೆ ಗಡಿಯಾರ ನೋಡಿದರು: ಎರಡೂಕಾಲು. ಇನ್ನೂ ಒಂದೂಮುಕ್ಕಾಲು ಗಂಟೆ. ಆ ಮೇಜನ್ನು ನೋಡುತ್ತಾ ಅಷ್ಟು ಹೊತ್ತು ಕಳೆಯುವುದು ಅವರಿಂದಾಗುವ ಕೆಲಸವಾಗಿರಲಿಲ್ಲ. ಮುಂದಿನ ಎಡಚಕ್ರದ ಫ್ಲೇರನ್ನು ಎತ್ತಿಕೊಂಡು ಒಳಗೆ ಬಂದರು.

ಪೆಟ್ಟಿಗೆಯಲ್ಲಿ ಒಂದು ಹಾಳೆ ಇತ್ತು, ಚಿತ್ರ ಸಮೇತ. ಫ್ಲೇರನ್ನೇ ಕಾರಿಗೆ ಒತ್ತಿ ಹಿಡಿಯಿರಿ, ತೂತುಗಳನ್ನು ಗುರುತು ಮಾಡಿ, ಕೊರೆಯಿರಿ ಎಂದು ಅದರಲ್ಲಿ ಹೇಳಿತ್ತು. ಮಾಸ್ತರಿಗೆ ಅದು ಸರಿಬರಲಿಲ್ಲ. ಮೊದಲು ಕಾಗದದಲ್ಲಿ ಅಚ್ಚು ಕತ್ತರಿಸದೆ ನೇರವಾಗಿ ಬಟ್ಟೆಗೆ ಕೈ ಹಾಕುವವನನ್ನು ಅವರು ದರ್ಜಿಯೆಂದೇ ಲೆಕ್ಕಿಸುತ್ತಿರಲಿಲ್ಲ. ಮೇಜಿನ ಮೇಲೆ ಕಂದು ಕಾಗದ ಹಾಸಿ, ಅದರ ಮೇಲೆ ಫ್ಲೇರ್ ಮಲಗಿಸಿ, ಸೀಮೆಸುಣ್ಣದಿಂದ ಅಂಚು ಎಳೆದರು. ಎಂಟು ತೂತಿಗೂ ಗುರುತು ಹಾಕಿದರು. ಹತ್ತು ದಿನದಿಂದ ಮುಟ್ಟದ ಕತ್ತರಿಯನ್ನು ಕೈಗೆತ್ತಿಕೊಂಡು ಕಾಗದವನ್ನು ಒಂದೇ ಉಸಿರಿಗೆ ಕತ್ತರಿಸಿದರು. ಇದು ಕೋಟಲ್ಲ, ಡಾಕ್ಟರಲ್ಲ, ಬರೀ ತಗಡು. ಹಾಳಾದರೆ ಮಗಳು ಎರಡು ಮಾತು ಬೈದಾಳು. ಹಾಗೆಂದುಕೊಂಡಿದ್ದರಿಂದ ಕೈಯ ಕಡೆ ನೋಡುವುದನ್ನೇ ಮರೆತಿದ್ದರು.

ಕಾಗದದ ಕೆಳಗಿನ ಅಂಚನ್ನು ಚಕ್ರದ ಮೇಲಿನ ತಗಡಿನ ಅಂಚಿಗೆ ಸರಿಯಾಗಿ ಕೂಡಿಸಿ ಟೇಪು ಅಂಟಿಸಿದರು. ಗುರುತಿನ ಮೇಲೆ ಮೊಳೆಯಿಟ್ಟು ಒಂದೊಂದು ಏಟು ಹಾಕಿದರು. ಆಮೇಲೆ ಡ್ರಿಲ್ ಮೆಷಿನ್. ಮೊದಲ ತೂತು ಬಿದ್ದಾಗ ತಗಡು ಕಿರ್ರೆಂದಿತು, ಒಳಗಿನಿಂದ ಹೆಂಡತಿ "ಅಯ್ಯೋ, ಅವಳಿಗೆ ಹೇಳದೆ ಏನ್ರೀ ಮಾಡ್ತಿದ್ದೀರಾ?" ಎಂದು ಕೂಗಿದರು. ಮಾಸ್ತರು ಕಿವಿಗೆ ಹಾಕಿಕೊಳ್ಳಲಿಲ್ಲ. ಎಂಟೂ ತೂತು ಕೊರೆದರು. ಕಾಗದ ಕಿತ್ತು ಪಕ್ಕಕ್ಕಿಟ್ಟು, ತುಕ್ಕು ಹಿಡಿಯದಿರಲೆಂದು ತೂತಿನ ಬಾಯಿಗೆಲ್ಲ ಬಣ್ಣ ಮುಟ್ಟಿಸಿದರು. ಫ್ಲೇರಿನ ಅಂಚಿಗೆ ರಬ್ಬರ್ ಪಟ್ಟಿ ಸಿಕ್ಕಿಸುವಾಗ, ಕಾಲರಿಗೆ ಪೈಪಿಂಗ್ ಕೊಟ್ಟಂತೆಯೇ ಅಲ್ಲವೇ ಇದು ಎಂದು ಖುಷಿಯೂ ಆಯಿತು.

ಆಮೇಲೆ ಫ್ಲೇರನ್ನು ಎತ್ತಿ, ಹಳೆಯ ಸ್ಕ್ರೂಗಳನ್ನೇ ಸದ್ಯಕ್ಕೆ ಸಿಕ್ಕಿಸಿ, ಎರಡು ಹೆಜ್ಜೆ ಹಿಂದೆ ಸರಿದು ನೋಡಿದರು.

ಫ್ಲೇರ್ ಇರಬೇಕಾದ ಜಾಗಕ್ಕಿಂತ ಮೇಲೆ ಕೂತಿತ್ತು. ಅದರ ಕೆಳಗೆ ಕಾರಿನ ಕೆಂಪು ತಗಡು ಉದ್ದಕ್ಕೂ ಇಣುಕುತ್ತಿತ್ತು, ಸ್ಕರ್ಟಿನ ಕೆಳಗೆ ಒಳಲಂಗ ಕಂಡಂತೆ. ಅವರು ಸ್ಕ್ರೂ ಬಿಚ್ಚಿ ಮತ್ತೆ ಹಾಕಿದರು. ಮತ್ತೆ ಅಷ್ಟೇ. ಬೆವರು ಕಣ್ಣಿಗಿಳಿಯಿತು. ಮೊದಲು ಕೋಟು ಹಾಳಾಯಿತು, ಈಗ ಮಗಳ ಹೊಟ್ಟೆಪಾಡಿನ ಕಾರಿಗೆ ಎಂಟು ತೂತು. ಮೇಜು ಒಯ್ಯಲು ಬರುವವನು ಈಗಲೇ ಬಂದರೂ ಸರಿಯೇ ಎನ್ನಿಸಿತು ಅವರಿಗೆ.

ಬಂದದ್ದು ಮಗಳು. ಸ್ಕ್ರೂ ಪೊಟ್ಟಣ ಹಿಡಿದು ಗೇಟಿನಲ್ಲೇ ನಿಂತಳು. ಕಾರು ನೋಡಿದಳು, ಅಪ್ಪನ ಮುಖ ನೋಡಿದಳು.

"ಬೈಯಮ್ಮಾ," ಎಂದರು ಮಾಸ್ತರು. "ಬೈದುಬಿಡು. ನೀನೂ ಸುಮ್ಮನೆ ಹೋಗಬೇಡ."

ಅವಳು ಬೈಯಲಿಲ್ಲ. ಅಪ್ಪನ ಕುತ್ತಿಗೆಯಲ್ಲಿ ಜೋತಾಡುತ್ತಿದ್ದ ಅಳತೆ ಟೇಪನ್ನು ಎಳೆದುಕೊಂಡು ಚಕ್ರದ ಮುಂದೆ ಕುಕ್ಕರಗಾಲಲ್ಲಿ ಕೂತಳು. ಇಣುಕುತ್ತಿದ್ದ ತಗಡನ್ನು ಒಂದೊಂದು ಸ್ಕ್ರೂವಿನ ಕೆಳಗೂ ಅಳೆದಳು. ಕೊನೆಗೆ ತಲೆಯೆತ್ತಿದಳು.

"ಅರ್ಧ ಇಂಚು ಅಪ್ಪಾ."

"ಎಲ್ಲಿ?"

"ಎಲ್ಲಾ ಕಡೆ. ಎಂಟಕ್ಕೆ ಎಂಟೂ ಅರ್ಧ ಇಂಚು. ಕೂದಲೆಳೆಯಷ್ಟೂ ಹೆಚ್ಚುಕಮ್ಮಿ ಇಲ್ಲ. ಏನು ಮಾಡ್ದೆ ನೀನು?"

ಮಾಸ್ತರು ಕಾಗದದ ಕಡೆ ನೋಡಿದರು. ಸೀಮೆಸುಣ್ಣದ ಗೆರೆ ಒಳಗಿತ್ತು. ಕತ್ತರಿ ಓಡಿದ್ದು ಅದರ ಹೊರಗೆ.

"ಅಯ್ಯೋ ನನ್ನ ಕರ್ಮವೇ! ಬಟ್ಟೆಗೆ ಬಿಡೋ ಹಾಗೆ ಹೊಲಿಗೆಗೆ ಅರ್ಧ ಇಂಚು ಬಿಟ್ಟಿದ್ದೀನಿ ಕಣೇ!"

"ಕಾರಿಗೆ?"

"ಕಾರಿಗೇ! ಹುಟ್ಟುಗುಣ ಸುಟ್ಟರೂ ಹೋಗಲ್ಲ ಅಂತಾರಲ್ಲ. ತಗಡಿಗೆ ಯಾವ ಹೊಲಿಗೆ, ಯಾವ ದಾರ!"

ಮಗಳಿಗೆ ನಗು ತಡೆಯಲಾಗಲಿಲ್ಲ. ನಗುತ್ತಾ ನಗುತ್ತಾ ಒಮ್ಮೆಲೇ ಅಪ್ಪನ ಕಡೆ ತಿರುಗಿದಳು. "ಡಾಕ್ಟರ ಕೋಟು ಎಷ್ಟು ಗಿಡ್ಡವಾಗಿತ್ತು?"

ಮಾಸ್ತರು ಅಂಗಡಿಗೆ ನುಗ್ಗಿ, ಗೋಡೆಯ ಮೊಳೆಗೆ ತೂಗುಹಾಕಿದ್ದ ಡಾಕ್ಟರ ಕೋಟಿನ ತೋಳಿನ ಕಾಗದದ ಅಚ್ಚನ್ನು ಇಳಿಸಿದರು. ಹತ್ತು ದಿನದಿಂದ ಅದರ ಮುಖ ನೋಡಲೂ ಅವರಿಗೆ ಧೈರ್ಯವಿರಲಿಲ್ಲ. ಈಗ ನೋಡಿದರೆ ಕಣ್ಣಿಗೆ ರಾಚುವಂತಿತ್ತು: ಸುತ್ತ ಹೊಲಿಗೆಗೆ ಬಿಡಬೇಕಾಗಿದ್ದ ಅಂಚೇ ಇರಲಿಲ್ಲ. ಹೊಲಿಗೆ ಬೀಳಬೇಕಾದ ಒಳಗೆರೆಯ ಮೇಲೆಯೇ ಕತ್ತರಿ ಓಡಿತ್ತು. ಓಡಿದ್ದು ಮಾತ್ರ ಗೆರೆ ಬಿಡದೆ, ಎಲ್ಲೂ ಅಲುಗದೆ, ನೂಲು ಹಿಡಿದಂತೆ.

"ಕೈ ನಡುಗಿದ್ರೆ ಹೀಗೆ ಬರುತ್ತಾ ಅಪ್ಪಾ?" ಬಾಗಿಲಲ್ಲಿ ನಿಂತ ಮಗಳ ದನಿ ತಗ್ಗಿತ್ತು. "ಆ ಕೋಟು ಕತ್ತರಿಸಿದ ದಿನ ಬೆಳಿಗ್ಗೆ ನೀನು ಟೀ ಚೆಲ್ಲಿದೆ. ನಿನ್ನ ಕೈ ನಡುಗ್ತಿದೆ ಅಂತ ನಾನೇ ಅಂದೆ. ಬಾಯಿಗೆ ಬಂದದ್ದು ಅಂದುಬಿಟ್ಟೆ."

"ನಿಜವನ್ನೇ ಅಂದೆ. ನಡುಗುತ್ತೆ," ಎಂದರು ಮಾಸ್ತರು. "ಆದರೆ ನೀನು ಹಾಗಂದ ಮೇಲೆ ನಾನು ಕೈಯನ್ನೇ ಕಾಯ್ತಾ ಕೂತೆ ಕಣಮ್ಮಾ. ಯಾವ ಗೆರೆ ಅಂತ ನೋಡಲೇ ಇಲ್ಲ."

ಮಾಸ್ತರಿಗೆ ಅಳು ಬಂತು, ನಾಚಿಕೆಯೂ ಬಂತು, ಎರಡಕ್ಕೂ ಸೇರಿಸಿ ಒಮ್ಮೆ ಜೋರಾಗಿ ಮೂಗು ಒರೆಸಿಕೊಂಡರು.

"ಆ ತೂತು ಮುಚ್ಚಿಸೋಕೆ ಪೇಂಟಿನವನ ಹತ್ತಿರ ಹೋಗಬೇಕೇನೋ," ಎಂದಳು ಮಗಳು.

"ಯಾಕೆ ಮುಚ್ಚಿಸಬೇಕು? ಬಿಟ್ಟ ಬಟ್ಟೆಯನ್ನ ಏನು ಮಾಡ್ತಾರೆ? ಒಳಗೆ ಮಡಚ್ತಾರೆ." ಅವರ ದನಿಗೆ ಹಳೆಯ ಗತ್ತು ಬಂದಿತ್ತು. "ಟೈರು ಉಜ್ಜೋದು ಆ ಅಂಚಿಗೇ ತಾನೇ? ಇಸ್ತ್ರಿ ಪೆಟ್ಟಿಗೆ ಕಾಯಿಸು. ಬಿಸಿ ಮಾಡದೆ ಮಡಚಿದ್ರೆ ಬಣ್ಣ ಸೀಳುತ್ತೆ."

ಕಾರು ಜಾಕಿನ ಮೇಲೇರಿತು, ಚಕ್ರ ಹೊರಗೆ ಬಂತು. ಒದ್ದೆ ಬಟ್ಟೆ ಅಡ್ಡಹಿಡಿದು ತಗಡಿನ ಅಂಚಿಗೆ ಇಸ್ತ್ರಿ ಒತ್ತಿದರು. ಆವಿ ಬುಸ್ಸೆಂದಿತು. ಮಗಳು ಮರದ ಸುತ್ತಿಗೆಯಿಂದ ಮೆಲ್ಲಗೆ ತಟ್ಟುತ್ತಾ ಹೋದಳು, ಮಾಸ್ತರು "ಇಲ್ಲಿ, ಇನ್ನೊಂಚೂರು, ಹಾಂ, ಸಾಕು" ಎನ್ನುತ್ತಾ ಬಂದರು. ಗೇಣು ಗೇಣಾಗಿ ಅಂಚು ಒಳಕ್ಕೆ ತಿರುಗಿತು. ಹೊಸ ಸ್ಕ್ರೂ ಬಿಗಿದು, ಚಕ್ರ ಹಾಕಿ, ಸ್ಟಿಯರಿಂಗನ್ನು ಕೊನೆಯವರೆಗೂ ತಿರುಗಿಸಿ ನೋಡಿದರೆ ಟೈರು ಎಲ್ಲಿಯೂ ತಾಗಲಿಲ್ಲ.

ಅಷ್ಟರಲ್ಲಿ ನಾಲ್ಕು ಗಂಟೆ. ಹೊಸ ದರ್ಜಿ ತಳ್ಳುಗಾಡಿ ತಂದು ನಿಲ್ಲಿಸಿದ. "ಮಾಸ್ತರೇ, ಮೇಜು ಎತ್ತೋಣವಾ?"

ಮಾಸ್ತರು ಅವನನ್ನು ನೋಡಿದರು, ಕಾರನ್ನು ನೋಡಿದರು.

"ಇಲ್ಲಪ್ಪಾ. ಇನ್ನೂ ಮೂರು ಚಕ್ರ ಇವೆ. ಅದಾದ ಮೇಲೆ ಡಾಕ್ಟರ ಕೋಟು ಹೊಸದಾಗಿ ಹೊಲಿಯಬೇಕು, ಬಟ್ಟೆ ನಂದೇ. ನಿನ್ನನ್ನ ಸುಮ್ಮನೆ ಓಡಾಡಿಸಿದೆ, ತಪ್ಪಾಯ್ತು. ಟೀ ಕುಡಿದು ಹೋಗು."

ಹೆಂಡತಿ ಟೀ ತಂದರು. ಮಾಸ್ತರ ಕೈಯಲ್ಲಿ ಟೀ ಕಪ್ ಬಸಿಯ ಮೇಲೆ ಟಿಣಿಟಿಣಿ ಸದ್ದು ಮಾಡಿತು. ಎಲ್ಲರಿಗೂ ಕೇಳಿಸಿತು, ಮಗಳಿಗೂ. ಈ ಸಲ ಅವಳು ಏನೂ ಅನ್ನಲಿಲ್ಲ. ಎರಡನೆಯ ಫ್ಲೇರನ್ನು ಮೇಜಿನ ಮೇಲಿಟ್ಟು, ಕಾಗದ ಹಾಸಿದಳು.

"ಇದಕ್ಕೂ ಅರ್ಧ ಇಂಚು ಬಿಡಬೇಕಾ ಅಪ್ಪಾ?"

"ಬಿಡದಿದ್ರೆ ಮೊದಲನೆಯದಕ್ಕೆ ಜೋಡಿ ಆಗುತ್ತೇನೇ? ಮಾಡಿದ ತಪ್ಪನ್ನ ಇನ್ನು ಮೂರು ಸಲ ಸರಿಯಾಗಿ ಮಾಡಬೇಕು."

ಮಾಸ್ತರು ಟೀ ಕಪ್ ಕೆಳಗಿಟ್ಟರು. ಸೀಮೆಸುಣ್ಣ ಎತ್ತಿಕೊಂಡು, ಕೈ ನೋಡದೆ, ಗೆರೆ ಎಳೆಯತೊಡಗಿದರು.